ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಿದೆಯೇ? ಒವನ್‌ಗೆ ಇಡಬೇಡಿ, ಮೊದಲು ಇದನ್ನು ನೋಡಿ

ಪ್ರಶ್ನೆ: ನಾನು ಕುಮಟಾದಿಂದ ಬರೆಯುತ್ತಿದ್ದೇನೆ. ವಿಡಿಯೋ ಎಡಿಟಿಂಗ್‌ಗೆ, ಜೊತೆಗೆ ಗೇಮ್‌ಗೆ ಎಂದು ಸೆಕೆಂಡ್ ಹ್ಯಾಂಡ್ ಎಎಂಡಿ ಆರ್‌ಎಕ್ಸ್ 580, 8 ಜಿಬಿ ಕಾರ್ಡ್ ತಂದಿದ್ದೆ. ಒಂದು ವರ್ಷ ಚೆನ್ನಾಗಿಯೇ ಇತ್ತು. ಈ ಮಳೆಗಾಲದಿಂದ ಗೇಮ್ ಆಡುವಾಗ ಸ್ಕ್ರೀನ್ ಕಪ್ಪಾಗುತ್ತದೆ, ಕಾರ್ಡಿನ ಫ್ಯಾನ್ ಜೋರಾಗಿ ತಿರುಗತೊಡಗುತ್ತದೆ. ರೀಸ್ಟಾರ್ಟ್ ಮಾಡದೆ ಬೇರೆ ದಾರಿಯಿಲ್ಲ. ಕೆಲವು ಸಲ ಡೆಸ್ಕ್‌ಟಾಪ್‌ನಲ್ಲೇ ಹಸಿರು ಚುಕ್ಕೆಗಳು ಬರುತ್ತವೆ. ಇಲ್ಲಿನ ರಿಪೇರಿಯವರು "ಚಿಪ್ ಹೋಗಿದೆ, ರೀಬಾಲ್ ಮಾಡಬೇಕು, 4,500 ರೂಪಾಯಿ" ಅಂದರು. ಗೆಳೆಯನೊಬ್ಬ ಒವನ್‌ನಲ್ಲಿ ಬಿಸಿ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾನೆ. ನನ್ನ ಪ್ರೊಸೆಸರ್ ಐ5-10400. ಏನು ಮಾಡಲಿ?

ಉತ್ತರ: ಒವನ್ ಬೇಡ. ರೀಬಾಲ್, ಅಂದರೆ ಚಿಪ್ ಎತ್ತಿ ಅದರ ಕೆಳಗಿನ ಬೆಸುಗೆ ಗುಂಡುಗಳನ್ನು ಬದಲಿಸುವುದು, ಅದೂ ಸದ್ಯಕ್ಕೆ ಬೇಡ. ನೀವು ಹೇಳಿದ ಎರಡು ಲಕ್ಷಣಕ್ಕೆ ಚಿಪ್ ಅಲ್ಲದೆ ಇನ್ನೂ ಐದಾರು ಕಾರಣಗಳು ಇರಬಹುದು. ಅವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ, ಕಾಸು ಖರ್ಚಿಲ್ಲದೆ ನೋಡಬಹುದು. ಅದನ್ನೆಲ್ಲ ನೋಡದೆ ನೇರವಾಗಿ ಚಿಪ್‌ಗೆ ಬಿಸಿಗಾಳಿ ಹಿಡಿದರೆ, ಚೆನ್ನಾಗಿದ್ದ ಚಿಪ್ ಕೂಡ ಹೋಗುವ ಅಪಾಯವಿದೆ.

ಒವನ್ ವಿಷಯ ಮೊದಲು ಮುಗಿಸೋಣ. ಈ ಉಪಾಯ ಜನರ ಬಾಯಿಗೆ ಬಿದ್ದದ್ದು ಸುಮಾರು 2008ರ ಹೊತ್ತಿಗೆ. ಆಗ ಎನ್‌ವಿಡಿಯಾದ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ಸಾಲುಸಾಲಾಗಿ ಕೆಡುತ್ತಿದ್ದವು. ರಿಪೇರಿ ಮತ್ತು ಬದಲಿ ಖರ್ಚಿಗೆಂದು ಕಂಪನಿ ಆ ವರ್ಷ ಜುಲೈನಲ್ಲಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತು. ತೊಂದರೆ ಇದ್ದದ್ದು ಚಿಪ್‌ನ ಒಳಗೆ. ಸಿಲಿಕಾನ್ ತುಂಡನ್ನು ಅದರ ಕೆಳಗಿನ ಹಸಿರು ತಟ್ಟೆಗೆ ಕೂಡಿಸುವ ಸಣ್ಣ ಬೆಸುಗೆ ಗುಂಡುಗಳು ಬಿಸಿ, ತಣ್ಣಗೆ, ಮತ್ತೆ ಬಿಸಿ ಆಗಿ ಆಗಿ ಬಿರುಕು ಬಿಡುತ್ತಿದ್ದವು. ಬಿಸಿ ಮಾಡಿದರೆ ಆ ಬಿರುಕು ಸ್ವಲ್ಪ ಕಾಲ ಕೂಡಿಕೊಳ್ಳುತ್ತದೆ, ಕಾರ್ಡ್ ಕೆಲವು ದಿನವೋ ವಾರವೋ ನಡೆಯುತ್ತದೆ. ಆ ಖುಷಿಯಲ್ಲಿ ತೆಗೆದ ವಿಡಿಯೋಗಳೇ ಇಂದಿಗೂ ಓಡಾಡುತ್ತಿವೆ. ಮತ್ತೆ ಕೆಟ್ಟಾಗ ಯಾರೂ ವಿಡಿಯೋ ಹಾಕುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ಈಗಿನ ಬೋರ್ಡ್‌ಗಳಲ್ಲಿ ಸೀಸವಿಲ್ಲದ ಬೆಸುಗೆ ಇರುತ್ತದೆ. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಅಡುಗೆಮನೆಯ ಒವನ್‌ನಲ್ಲಿ ಜನ ಇಡುವ 200 ಡಿಗ್ರಿಗೆ ಚಿಪ್‌ನ ಕೆಳಗಿನ ಬೆಸುಗೆ ಕರಗುವುದೇ ಇಲ್ಲ. ಅಷ್ಟರಲ್ಲಿ ಪ್ಲಾಸ್ಟಿಕ್ ಕನೆಕ್ಟರ್‌ಗಳು ಸೊಟ್ಟಗಾಗುತ್ತವೆ, ಕೆಪಾಸಿಟರ್‌ಗಳಿಗೆ ಪೆಟ್ಟು ಬೀಳುತ್ತದೆ. ಅದರಿಂದ ಬರುವ ಹೊಗೆ ನೀವು ರೊಟ್ಟಿ, ಕೇಕ್ ಮಾಡುವ ಜಾಗದಲ್ಲಿ ಕೂರುತ್ತದೆ. ದಯವಿಟ್ಟು ಮಾಡಬೇಡಿ.

ಈಗ ನಿಮ್ಮ ಕಾರ್ಡಿಗೆ ಬರೋಣ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಾಗ ನಾನು ಮೊದಲು ಕೇಳುವ ಪ್ರಶ್ನೆ "ಏನಾಗುತ್ತಿದೆ" ಅಲ್ಲ, "ಯಾವಾಗ ಆಗುತ್ತಿದೆ" ಎಂಬುದು. ಸ್ವಿಚ್ ಹಾಕಿ ತಯಾರಕರ ಲೋಗೋ ಬರುವಾಗಲೇ ಚುಕ್ಕೆ, ಗೆರೆ ಕಂಡರೆ ಅದಕ್ಕೂ ವಿಂಡೋಸ್‌ಗೂ, ವಿಂಡೋಸ್‌ನಲ್ಲಿ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂಗೂ ಸಂಬಂಧವಿಲ್ಲ. ಅಲ್ಲಿನ್ನೂ ಡ್ರೈವರ್ ಬಂದೇ ಇರುವುದಿಲ್ಲ. ಮೆಮೊರಿ, ಚಿಪ್, ಕೇಬಲ್, ಈ ಮೂರರಲ್ಲಿ ಒಂದು. ಲೋಗೋ ಸರಿಯಾಗಿ ಬಂದು, ಡ್ರೈವರ್ ಎದ್ದು ಕೂತ ಕೂಡಲೇ ಸ್ಕ್ರೀನ್ ಹೋದರೆ ಡ್ರೈವರ್, ಕಾರ್ಡಿನ ಬಯಾಸ್ (ಕಾರ್ಡನ್ನು ಚಾಲೂ ಮಾಡಲು ಅದರೊಳಗೇ ಬರೆದಿಟ್ಟ ಪ್ರೋಗ್ರಾಂ) ಅಥವಾ ಮೆಮೊರಿ. ಡೆಸ್ಕ್‌ಟಾಪ್ ಎಲ್ಲ ಸರಿ, ಗೇಮ್‌ನಲ್ಲಿ ಮಾತ್ರ ಹೋದರೆ ಮೊದಲ ಅನುಮಾನ ಕರೆಂಟ್ ಮತ್ತು ಬಿಸಿಯ ಮೇಲೆ. ನಿಮ್ಮ ಪತ್ರದಲ್ಲಿ ಲೋಗೋ ಹಂತದ ಬಗ್ಗೆ ಏನೂ ಇಲ್ಲ. ಮುಂದಿನ ಸಲ ಆನ್ ಮಾಡುವಾಗ ಗಮನಿಸಿ, ಮೊಬೈಲ್‌ನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ.

ಹಸಿರು ಚುಕ್ಕೆ ಬಂದಾಗ ಮಾಡಬೇಕಾದ ಒಂದು ಸಣ್ಣ ಪರೀಕ್ಷೆ ಇದೆ. ಚುಕ್ಕೆ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು, ಆ ಫೈಲನ್ನು ಮೊಬೈಲ್‌ಗೆ ಕಳಿಸಿ ನೋಡಿ. ಮೊಬೈಲ್‌ನಲ್ಲೂ ಚುಕ್ಕೆ ಕಂಡರೆ ಚಿತ್ರ ಕಾರ್ಡಿನ ಮೆಮೊರಿಯಲ್ಲೇ ಕೆಟ್ಟಿದೆ ಎಂದರ್ಥ. ಮೊಬೈಲ್‌ನಲ್ಲಿ ಚಿತ್ರ ಶುದ್ಧವಾಗಿದ್ದರೆ ಕಾರ್ಡಿನ ಒಳಗೆ ಚಿತ್ರ ಸರಿಯಾಗಿಯೇ ತಯಾರಾಗಿದೆ, ಕೆಟ್ಟದ್ದು ಹೊರಗೆ ಬರುವ ದಾರಿಯಲ್ಲಿ. ಅಂದರೆ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್, ಕಾರ್ಡಿನ ಆ ಪೋರ್ಟ್, ಇಲ್ಲವೇ ಮಾನಿಟರ್. ಕೇಬಲ್ ಹಾಳಾಗಿದ್ದಕ್ಕೆ ಕಾರ್ಡನ್ನೇ ರೀಬಾಲ್‌ಗೆ ಕೊಟ್ಟವರು ಇದ್ದಾರೆ. ಹಾಗಾಗಿ ಸುಮ್ನೆ ಒಂದು ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡುವುದರಲ್ಲಿ ನಷ್ಟವಿಲ್ಲ.

ನಿಮ್ಮ ಪ್ರೊಸೆಸರ್ 10400 ಆಗಿರುವುದು ಒಳ್ಳೆಯದೇ ಆಯಿತು. ಹೆಸರಿನ ಕೊನೆಗೆ 'ಎಫ್' ಇರುವ 10400ಎಫ್ ಆಗಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುತ್ತಿರಲಿಲ್ಲ. ನಿಮ್ಮದರಲ್ಲಿ ಯುಎಚ್‌ಡಿ 630 ಎಂಬ ಗ್ರಾಫಿಕ್ಸ್ ಇದೆ. ಕಾರ್ಡನ್ನು ಬಿಚ್ಚಿಟ್ಟು, ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ನ ಪೋರ್ಟ್‌ಗೆ ಹಾಕಿ ಎರಡು ಮೂರು ದಿನ ಬಳಸಿ. ಆಗಲೂ ಕಂಪ್ಯೂಟರ್ ನಿಂತು ನಿಂತು ಹೋದರೆ ತಪ್ಪು ಕಾರ್ಡಿನದ್ದಲ್ಲ. ರ‍್ಯಾಮ್, ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ), ಮದರ್‌ಬೋರ್ಡ್ ಕಡೆ ನೋಡಬೇಕು.

ಕಾರ್ಡ್ ತೆಗೆದಾಗ ಮಾತ್ರ ಎಲ್ಲ ಸರಿಹೋಯಿತು ಅಂದುಕೊಳ್ಳಿ. ಆಗಲೂ ಕಾರ್ಡೇ ಕೆಟ್ಟಿದೆ ಎಂದು ತೀರ್ಮಾನಿಸುವ ಹಾಗಿಲ್ಲ. ಕಾರ್ಡ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಮೇಲಿನ ಹೊರೆಯೂ ಇಳಿಯುತ್ತದೆ. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಕೇಳುವ ಕಾರ್ಡ್. ತಯಾರಕರು ವೇಗ ಏರಿಸಿ ಕೊಟ್ಟ ಮಾದರಿಗಳು ಇನ್ನೂ ಜಾಸ್ತಿ ಎಳೆಯುತ್ತವೆ. ಗೇಮ್‌ನಲ್ಲಿ ಸ್ಕ್ರೀನ್ ಕಪ್ಪಾಗಿ ಫ್ಯಾನ್ ಪೂರ್ತಿ ವೇಗಕ್ಕೆ ಹೋಗುವುದು ಕಾರ್ಡ್ ತನ್ನ ಹಿಡಿತ ಕಳೆದುಕೊಂಡದ್ದರ ಗುರುತು. ಫ್ಯಾನ್‌ಗೆ ಮೇಲಿನಿಂದ ಆಜ್ಞೆ ಬರುವುದು ನಿಂತರೆ ಅದು ತಾನಾಗಿ ಜೋರಾಗಿ ತಿರುಗುತ್ತದೆ. 12 ವೋಲ್ಟ್ ಒಂದು ಕ್ಷಣ ಕುಸಿದರೂ ಹೀಗಾಗುತ್ತದೆ.

ಕ್ಯಾಬಿನೆಟ್ ಬದಿ ಬಿಚ್ಚಿ ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ. ದೊಡ್ಡದಾಗಿ ಬರೆದ '450 ವ್ಯಾಟ್' ನಂಬಬೇಡಿ. '+12ವಿ' ಎಂಬ ಕಾಲಮ್‌ನಲ್ಲಿ ಎಷ್ಟು ಆಂಪ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಬರುವ ಎಸ್‌ಎಂಪಿಎಸ್‌ನಲ್ಲಿ 16 ಆಂಪ್ ಎಂದಿದ್ದರೆ ಅದು 192 ವ್ಯಾಟ್ ಆಯಿತು. ಕಾರ್ಡಿಗೇ ಸಾಲದು, ಪ್ರೊಸೆಸರ್‌ಗೆ ಎಲ್ಲಿಂದ ಬರಬೇಕು? ನಿಮ್ಮ ಸೆಟ್‌ಗೆ 12 ವೋಲ್ಟ್‌ನಲ್ಲಿ 35 ಆಂಪ್‌ಗಿಂತ ಮೇಲೆ ಇರುವ, ಹೆಸರಿರುವ ಕಂಪನಿಯ 500–550 ವ್ಯಾಟ್ ಎಸ್‌ಎಂಪಿಎಸ್ ಬೇಕು. ಹತ್ತಿರದಲ್ಲಿ ಯಾರ ಬಳಿಯಾದರೂ ಅಂಥದ್ದು ಇದ್ದರೆ ಒಂದು ಸಂಜೆಗೆ ಎರವಲು ತಂದು ಗೇಮ್ ಆಡಿ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಎರವಲು ತರುವಾಗ ಒಂದು ಎಚ್ಚರಿಕೆ. ಕೇಬಲ್‌ಗಳನ್ನು ಕಳಚಿ ಹಾಕಬಹುದಾದ ಮಾದರಿಯಾದರೆ ಅದರದ್ದೇ ಕೇಬಲ್ ತನ್ನಿ. ಒಂದು ಕಂಪನಿಯ ಕೇಬಲ್ ಇನ್ನೊಂದರ ಎಸ್‌ಎಂಪಿಎಸ್‌ಗೆ ಸಲೀಸಾಗಿ ಕೂರಬಹುದು, ಆದರೆ ಒಳಗಿನ ಪಿನ್ ಕ್ರಮ ಬೇರೆ ಇರುತ್ತದೆ. ಸ್ವಿಚ್ ಹಾಕಿದ ಕೂಡಲೇ ಕಾರ್ಡ್ ಸತ್ತುಹೋಗುತ್ತದೆ. ಹಾಗೆಯೇ ಪ್ರೊಸೆಸರ್‌ನ 8 ಪಿನ್ ಕೇಬಲ್ ಬೇರೆ, ಕಾರ್ಡಿನ 8 ಪಿನ್ ಕೇಬಲ್ ಬೇರೆ. 12 ವೋಲ್ಟ್ ಮತ್ತು ಅರ್ಥ್ ಅವುಗಳಲ್ಲಿ ಅದಲುಬದಲು. ಒತ್ತಿ ತುರುಕಬೇಡಿ. ಹಾರ್ಡ್‌ಡಿಸ್ಕ್‌ನ ಸಾಟಾ ಕೇಬಲ್‌ನಿಂದ ಕಾರ್ಡಿಗೆ ಕರೆಂಟ್ ಕೊಡುವ ಅಡಾಪ್ಟರ್ ಇದ್ದರೆ ಇವತ್ತೇ ತೆಗೆದುಬಿಡಿ, ಅದು ಸುಟ್ಟು ಕರಗುವ ಸಾಧ್ಯತೆ ಇದೆ.

ಕರೆಂಟ್ ಮಾತು ಬಂದಾಗ ಅರ್ಥಿಂಗ್ ಬಿಡುವಂತಿಲ್ಲ. ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಹಾಗಾದರೆ ಆ ಪ್ಲಗ್‌ಗೆ ಅರ್ಥ್ ಸರಿಯಿಲ್ಲ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ಸಿಗದೆ ಕ್ಯಾಬಿನೆಟ್ ಅನ್ನು ಸುಮಾರು 115 ವೋಲ್ಟ್‌ಗೆ ಎತ್ತಿ ನಿಲ್ಲಿಸಿರುತ್ತವೆ. ಕರೆಂಟ್ ಬಹಳ ಸಣ್ಣದು, ಆದರೂ ಆ ಸ್ಥಿತಿಯಲ್ಲಿ ಟಿವಿಯ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಕಾರ್ಡಿನ ಪೋರ್ಟ್ ಹೋಗಬಹುದು. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ.

ಮಳೆಗಾಲದಿಂದ ಶುರುವಾಯಿತು ಎಂದಿದ್ದೀರಿ. ಕರಾವಳಿಯಲ್ಲಿ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಉಪ್ಪು ಬೆರೆತ ತೇವ, ಅದರ ಮೇಲೆ ಧೂಳು, ಎರಡೂ ಸೇರಿ ಬೋರ್ಡ್ ಮೇಲೆ ತೆಳುವಾದ ಜಿಡ್ಡು ಕಟ್ಟುತ್ತದೆ. ಪಿನ್‌ಗಳ ಸಂಪರ್ಕ ಕೆಡುತ್ತದೆ. ಪ್ಲಗ್ ತೆಗೆದು, ಕಾರ್ಡ್ ಹೊರಗೆ ತೆಗೆಯಿರಿ. ಸ್ಲಾಟ್‌ಗೆ ಕೂರುವ ಚಿನ್ನದ ಬಣ್ಣದ ಪಟ್ಟಿಗಳನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಯವರು ಐಪಿಎ ಎನ್ನುವುದು, ಅದರಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ಕಲೆ ಹೋಗದಿದ್ದರೆ ಮೆತ್ತಗಿನ ಬಿಳಿ ರಬ್ಬರ್‌ನಿಂದ ಹಗುರವಾಗಿ ಉಜ್ಜಬಹುದು. ಆ ಪಟ್ಟಿಗಳ ಸ್ವಲ್ಪ ಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕ ಕೆಪಾಸಿಟರ್‌ಗಳ ಸಾಲಿದೆ. ಅದಕ್ಕೆ ಕೈ, ರಬ್ಬರ್, ಸ್ಕ್ರೂಡ್ರೈವರ್ ಯಾವುದೂ ತಾಗಬಾರದು. ಮದರ್‌ಬೋರ್ಡ್ ಜೊತೆ ಮಾತಾಡುವ ತಂತಿಗಳು ಅವುಗಳ ಮೂಲಕವೇ ಹೋಗುವುದು.

ಈ ಕೆಪಾಸಿಟರ್‌ಗಳನ್ನು ಭೂತಗನ್ನಡಿ ಹಿಡಿದು ನೋಡಿ. ಒಂದು ಉದುರಿದ್ದರೂ ಖಾಲಿ ಜಾಗದಲ್ಲಿ ಹೊಳೆಯುವ ಎರಡು ಬೆಸುಗೆ ಚುಕ್ಕೆ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳು ಒಂದರ ಮೇಲೊಂದು ರಾಶಿ ಬಿದ್ದು ಬಂದಿರುತ್ತವೆ, ಹಾಗಾಗಿ ಇದು ಅಪರೂಪವಲ್ಲ. ಉದುರಿದ್ದರೆ ಜಿಪಿಯು-ಝಡ್ ಎಂಬ ಪುಕ್ಕಟೆ ಪ್ರೋಗ್ರಾಂನಲ್ಲಿ ಬಸ್ ಇಂಟರ್‌ಫೇಸ್ ಎಂಬಲ್ಲಿ 'ಎಕ್ಸ್16' ಬದಲು 'ಎಕ್ಸ್8' ಅಥವಾ 'ಎಕ್ಸ್1' ಬರಬಹುದು. ಅಂಥ ತೊಂದರೆಯನ್ನು ಬೆಸುಗೆ ಗೊತ್ತಿರುವ ಯಾರಾದರೂ ಅರ್ಧ ಗಂಟೆಯಲ್ಲಿ ಸರಿಮಾಡುತ್ತಾರೆ.

ಅದೇ ಜಿಪಿಯು-ಝಡ್‌ನಲ್ಲಿ ಇನ್ನೊಂದು ಸಂಖ್ಯೆ ನೋಡಿ: ಶೇಡರ್ಸ್, ಅಂದರೆ ಚಿಪ್‌ನೊಳಗಿನ ಲೆಕ್ಕ ಮಾಡುವ ಘಟಕಗಳು. ನಿಜವಾದ ಆರ್‌ಎಕ್ಸ್ 580ಯಲ್ಲಿ 2304 ಇರುತ್ತದೆ. 2048 ಬಂದರೆ ನಿಮ್ಮ ಕೈಯಲ್ಲಿರುವುದು ಅದಕ್ಕಿಂತ ಕೆಳಗಿನ ಮಾದರಿಯಾದ ಆರ್‌ಎಕ್ಸ್ 570, ಅಥವಾ 2018ರಲ್ಲಿ ಚೀನಾ ಮಾರುಕಟ್ಟೆಗೆಂದು ಬಂದ 2048 ಶೇಡರ್‌ನ 580. 570ಗೆ 580ಯ ಬಯಾಸ್ ತುಂಬಿ ಮಾರುವವರು ಬೇಕಾದಷ್ಟಿದ್ದಾರೆ. ಅಂಥ ಕಾರ್ಡ್ ತಾಳದ ವೇಗದಲ್ಲಿ ಓಡುತ್ತಿರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. 580 ಬಂದದ್ದು 2017ರ ಏಪ್ರಿಲ್‌ನಲ್ಲಿ. ಎಥೀರಿಯಂ ಎಂಬ ಡಿಜಿಟಲ್ ಹಣದ ಮೈನಿಂಗ್, ಅಂದರೆ ಕಾರ್ಡ್‌ನಿಂದ ಹಗಲಿರುಳು ಲೆಕ್ಕ ಮಾಡಿಸಿ ಆ ಹಣ ಗಳಿಸುವುದು, ಅದನ್ನು ಮಾಡುವವರಿಗೆ ಇದು ಅಚ್ಚುಮೆಚ್ಚಿನ ಕಾರ್ಡ್ ಆಗಿತ್ತು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ಪದ್ಧತಿ ಬದಲಿಸಿತು, ಕಾರ್ಡ್‌ಗಳಿಂದ ಅದರ ಮೈನಿಂಗ್ ನಿಂತೇಹೋಯಿತು. ಆಮೇಲೆ ಇವು ಮಾರುಕಟ್ಟೆಗೆ ರಾಶಿ ರಾಶಿ ಬಂದವು. ನಿಮ್ಮದೂ ಹಾಗೇ ಬಂದಿರುವ ಸಾಧ್ಯತೆ ಇದೆ. ಮೈನಿಂಗ್ ಮಾಡಿದ ಕಾರ್ಡ್ ಎಲ್ಲವೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒಂದೇ ಬಿಸಿಯಲ್ಲಿ ಸ್ಥಿರವಾಗಿ ಓಡಿದ ಚಿಪ್ ಚೆನ್ನಾಗಿಯೇ ಇರುತ್ತದೆ. ಆದರೆ ಫ್ಯಾನ್ ಸವೆದಿರುತ್ತದೆ, ಮೆಮೊರಿ ವರ್ಷಗಟ್ಟಲೆ ಬಿಸಿ ತಿಂದಿರುತ್ತದೆ. ಜೊತೆಗೆ ಹೆಚ್ಚು ಗಳಿಕೆಗಾಗಿ ಬಯಾಸ್‌ನಲ್ಲಿ ಮೆಮೊರಿಯ ಟೈಮಿಂಗ್, ಅಂದರೆ ಒಂದೊಂದು ಕೆಲಸಕ್ಕೆ ಅದಕ್ಕೆ ಕೊಡುವ ಬಿಡುವು, ಬಿಗಿ ಮಾಡಿರುತ್ತಾರೆ. ಮೈನಿಂಗ್‌ನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಲೆಕ್ಕ ಬಂದರೂ ನಡೆಯುತ್ತಿತ್ತು. ಗೇಮ್‌ನಲ್ಲಿ ಅದೇ ತಪ್ಪು ಚುಕ್ಕೆಯಾಗಿ ಕಾಣುತ್ತದೆ.

ನಿಮ್ಮ ಕಾರ್ಡಿನ ಅಂಚಿನಲ್ಲಿ ಚಿಕ್ಕ ಜಾರುವ ಸ್ವಿಚ್ ಇದೆಯೇ ನೋಡಿ. ಹಲವು 580ಗಳಲ್ಲಿ ಎರಡು ಬಯಾಸ್ ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿ ಸ್ವಿಚ್ ಆಚೆ ತಳ್ಳಿ ಆನ್ ಮಾಡಿ. ಒಂದು ಬಯಾಸ್ ತಿದ್ದಿದ್ದು, ಇನ್ನೊಂದು ಮೂಲದ್ದಾಗಿದ್ದರೆ ತೊಂದರೆ ಅಲ್ಲಿಗೇ ಮುಗಿಯಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 43 ಬಂದು ಡ್ರೈವರ್ ಕೂರದೇ ಇರುವುದಕ್ಕೂ ತಿದ್ದಿದ ಬಯಾಸ್ ಒಂದು ಕಾರಣ. ಬಯಾಸ್ ಬರೆಯಬೇಕಾಗಿ ಬಂದರೆ ಈಗಿರುವುದನ್ನು ಜಿಪಿಯು-ಝಡ್‌ನಿಂದ ಮೊದಲು ಉಳಿಸಿಕೊಳ್ಳಿ. ನಿಮ್ಮದೇ ಮಾದರಿಯ ಬಯಾಸ್ ಸಾಲದು, ಅದು ನಿಮ್ಮ ಮೆಮೊರಿಯ ಕಂಪನಿಗೂ ಹೊಂದಬೇಕು. ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್, ಎಲ್ಪಿಡಾ, ಇವುಗಳಲ್ಲಿ ಯಾವುದೆಂದು ಜಿಪಿಯು-ಝಡ್ ತೋರಿಸುತ್ತದೆ. ಹೊಂದದ ಬಯಾಸ್ ಹಾಕಿದರೆ ಚುಕ್ಕೆ ಇನ್ನೂ ಹೆಚ್ಚುತ್ತದೆ.

ಡ್ರೈವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಡಿಯು ಎಂಬ ಪ್ರೋಗ್ರಾಂನಿಂದ, ಸೇಫ್ ಮೋಡ್‌ನಲ್ಲಿ ಹಳೆಯದನ್ನು ಪೂರ್ತಿ ತೆಗೆದು, ಎಎಂಡಿಯ ತಾಣದಿಂದ 580ಗೆಂದೇ ಇರುವುದನ್ನು ಹಾಕಿ. ತೆಗೆದ ಮೇಲೆ, ಹೊಸದು ಹಾಕುವ ಮೊದಲು ಇಂಟರ್ನೆಟ್ ಕಳಚಿ ಸ್ವಲ್ಪ ಹೊತ್ತು ಹಾಗೇ ಬಳಸಿ ನೋಡಿ. ಡ್ರೈವರ್ ಇಲ್ಲದಾಗಲೂ ಚುಕ್ಕೆ ಬಂದರೆ ಡ್ರೈವರ್ ಮೇಲಿನ ಅನುಮಾನ ಬಿಡಬಹುದು.

ಬಿಸಿ ನೋಡಲು ಎಚ್‌ಡಬ್ಲ್ಯುಇನ್‌ಫೋ ಎಂಬ ಪ್ರೋಗ್ರಾಂ ತೆರೆದಿಟ್ಟು ಗೇಮ್ ಆಡಿ. ಸ್ಕ್ರೀನ್ ಹೋಗುವ ಮೊದಲಿನ ಅಂಕಿ ಬೇಕಾದ್ದರಿಂದ ಲಾಗ್ ಆನ್ ಮಾಡಿಟ್ಟಿರಿ. 580ಗೆ 70–80 ಡಿಗ್ರಿ ಸಹಜ. 85 ದಾಟಿ ಏರುತ್ತಲೇ ಹೋದರೆ ಕೂಲರ್ ಬಿಚ್ಚಿ ಹೊಸ ಥರ್ಮಲ್ ಪೇಸ್ಟ್ ಹಾಕಬೇಕು. ಮೆಮೊರಿ ಮತ್ತು ಮಾಸ್‌ಫೆಟ್ (ಚಿಪ್‌ಗೆ ಹೋಗುವ ಕರೆಂಟ್ ನಿಯಂತ್ರಿಸುವ ಸಣ್ಣ ಬಿಡಿಭಾಗ) ಮೇಲಿನ ಮೆತ್ತನೆ ಪ್ಯಾಡ್‌ಗಳನ್ನು ಬದಲಿಸುವುದಾದರೆ ಹಳೆಯದರ ದಪ್ಪವನ್ನೇ ತನ್ನಿ. 1 ಮಿಲಿಮೀಟರ್ ಇದ್ದಲ್ಲಿ 1.5 ಹಾಕಿದರೆ ಕೂಲರ್ ಮೇಲೆದ್ದು ಚಿಪ್‌ಗೆ ಸರಿಯಾಗಿ ತಾಗುವುದಿಲ್ಲ, ಮೊದಲಿಗಿಂತ ಜಾಸ್ತಿ ಬಿಸಿಯಾಗುತ್ತದೆ. ಸ್ಕ್ರೂಗಳನ್ನು ಎದುರು ಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಫ್ಯಾನಿನ ವೈರ್ ಕನೆಕ್ಟರ್ ಬಹಳ ಸೂಕ್ಷ್ಮ. ವೈರ್ ಹಿಡಿದು ಎಳೆಯಬೇಡಿ.

ಇಷ್ಟಾದರೂ ಚುಕ್ಕೆ ಹೋಗದಿದ್ದರೆ ಮೆಮೊರಿಯನ್ನೇ ಹಿಡಿಯಬೇಕು. 580ಯ ಮೆಮೊರಿ ಸುಮ್ಮನಿದ್ದಾಗ 300 ಮೆಗಾಹರ್ಟ್ಸ್‌ನಲ್ಲಿ ಮಲಗಿರುತ್ತದೆ. ಕೆಲಸ ಬಂದಾಗ 2000ಕ್ಕೆ ಏರುತ್ತದೆ. ಎರಡು ಮಾನಿಟರ್ ಹಾಕಿದರೆ ಡೆಸ್ಕ್‌ಟಾಪ್‌ನಲ್ಲೂ ಅದು ಮೇಲಿನ ವೇಗದಲ್ಲೇ ಉಳಿಯುವುದುಂಟು. ಎಡಿಟಿಂಗ್‌ಗೆ ನೀವು ಎರಡು ಮಾನಿಟರ್ ಬಳಸುತ್ತೀರಾ? ಚುಕ್ಕೆ ಬರುವುದು ಎರಡೂ ಆನ್ ಇದ್ದಾಗ ಮಾತ್ರವೇ? ಹೌದಾದರೆ ಅದು ಬಹಳ ಒಳ್ಳೆಯ ಸುಳಿವು. ರೇಡಿಯಾನ್ ಸಾಫ್ಟ್‌ವೇರ್‌ನ ಟ್ಯೂನಿಂಗ್‌ನಲ್ಲಿ ಮೆಮೊರಿಯ ಗರಿಷ್ಠ ವೇಗವನ್ನು 2000ದಿಂದ 1750ಕ್ಕೆ ಇಳಿಸಿ, ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ಕರೆಂಟಿನ ಮಿತಿ) ಹಾಗೇ ಬಿಡಿ. ಚುಕ್ಕೆ ನಿಂತರೆ ಮೆಮೊರಿ ಅಥವಾ ಅದಕ್ಕೆ ಬರುವ ವೋಲ್ಟೇಜ್ ಸೋತಿದೆ. ಆಮೇಲೆ ಮೆಮೊರಿ 2000ದಲ್ಲೇ ಇಟ್ಟು ಪವರ್ ಲಿಮಿಟ್ 20 ಶೇಕಡಾ ಇಳಿಸಿ ಗೇಮ್ ಆಡಿ. ಈಗ ಸ್ಕ್ರೀನ್ ಕಪ್ಪಾಗುವುದು ನಿಂತರೆ ಕರೆಂಟ್ ಕಡೆ ಬೆರಳು ತೋರಿಸಬಹುದು. ಎರಡನ್ನೂ ಒಟ್ಟಿಗೆ ಇಳಿಸಬೇಡಿ, ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಖಚಿತ ಮಾಡಿಕೊಳ್ಳಲು ಮೆಮ್‌ಟೆಸ್ಟ್ ವಲ್ಕನ್ ಎಂಬ ಪುಕ್ಕಟೆ ಪ್ರೋಗ್ರಾಂ ಇದೆ. ಕಾರ್ಡಿನ ಮೆಮೊರಿಗೆ ಬರೆದು ಓದಿ ತಪ್ಪು ಸಿಕ್ಕರೆ ಹೇಳುತ್ತದೆ. ಹತ್ತು ನಿಮಿಷ ಓಡಿಸಿ. ತಪ್ಪು ಬಂದರೆ ವೇಗ ಇಳಿಸಿ ಮತ್ತೆ ಓಡಿಸಿ. 1750ರಲ್ಲಿ ತಪ್ಪೇ ಬರದಿದ್ದರೆ ನನ್ನ ಸಲಹೆ ಸರಳ: ಅಲ್ಲೇ ಇಟ್ಟು ಬಳಸಿ. ಗೇಮ್‌ನಲ್ಲಿ ಸ್ವಲ್ಪ ವೇಗ ಕಡಿಮೆಯಾಗುತ್ತದೆ, ಎಡಿಟಿಂಗ್‌ನಲ್ಲಿ ಗೊತ್ತೂ ಆಗುವುದಿಲ್ಲ. ಇಷ್ಟು ಹಳೆಯ ಕಾರ್ಡಿಗೆ ಅದಕ್ಕಿಂತ ಅಗ್ಗದ ರಿಪೇರಿ ಇಲ್ಲ.

ಕಡಿಮೆ ವೇಗದಲ್ಲೂ ತಪ್ಪು ಬಂದರೆ ಆಗ ಅಂಗಡಿಗೆ ಹೋಗಬೇಕು. 8 ಜಿಬಿ ಕಾರ್ಡಿನಲ್ಲಿ ಚಿಪ್‌ನ ಸುತ್ತ 8 ಮೆಮೊರಿ ಐಸಿಗಳಿವೆ, ಒಂದೊಂದು 1 ಜಿಬಿ. ಸಾಮಾನ್ಯವಾಗಿ ಕೆಡುವುದು ಒಂದೋ ಎರಡೋ. ಒಳ್ಳೆಯ ರಿಪೇರಿಯವರು ಯಾವ ಐಸಿ ಎಂದು ಪರೀಕ್ಷೆ ಮಾಡಿ, ಅದೊಂದನ್ನೇ ಬದಲಿಸುತ್ತಾರೆ. ಇದು ನಡುವಿನ ದೊಡ್ಡ ಚಿಪ್ ರೀಬಾಲ್ ಮಾಡುವುದಕ್ಕಿಂತ ಕಡಿಮೆ ಅಪಾಯದ ಕೆಲಸ. ಹಾಗಾಗಿ "ಚಿಪ್ ಹೋಗಿದೆ" ಎಂದವರನ್ನು ಮರ್ಯಾದೆಯಿಂದಲೇ ಕೇಳಿ: ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು? ಯಾವ ಚಾನೆಲ್‌ನಲ್ಲಿ ತಪ್ಪು ಬಂತು? ಮೆಮೊರಿಯ ವೋಲ್ಟೇಜ್ ಅಳೆದಿರಾ? ಕೆಲಸ ಬಲ್ಲವರು ಮೀಟರ್ ಇಟ್ಟು ತೋರಿಸುತ್ತಾರೆ. ಸಿಲಿಕಾನೇ ಕೆಟ್ಟಿದ್ದರೆ, ಅಥವಾ ಬಿರುಕು ಚಿಪ್‌ನ ಒಳಗಿನ ಗುಂಡುಗಳಲ್ಲಿದ್ದರೆ, ಹೊರಗಿನ ಗುಂಡು ಬದಲಿಸುವ ರೀಬಾಲ್‌ನಿಂದ ಏನೂ ಆಗುವುದಿಲ್ಲ. ಆ 4,500 ರೂಪಾಯಿಯನ್ನು ಸರಿಯಾದ ಎಸ್‌ಎಂಪಿಎಸ್‌ಗೆ ಹಾಕಿದರೆ ಮುಂದಿನ ಕಾರ್ಡಿಗೂ ಬರುತ್ತದೆ.

ಒಂದು ವೇಳೆ ಪರಿಸ್ಥಿತಿ ಮುಂದೆ ಹೋಗಿ, ಕಾರ್ಡ್ ಹಾಕಿದಾಗ ಕಂಪ್ಯೂಟರ್ ಆನೇ ಆಗದೆ, ಫ್ಯಾನ್ ಒಮ್ಮೆ ಅಲುಗಿ ನಿಂತುಬಿಟ್ಟರೆ ಮತ್ತೆ ಮತ್ತೆ ಸ್ವಿಚ್ ಒತ್ತಬೇಡಿ. ಅದು ಶಾರ್ಟ್ ಇದ್ದಾಗ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಕಾರ್ಡ್ ಹೊರಗೆ ತೆಗೆದು, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಕಾರ್ಡಿನ ಲೋಹದ ಪಟ್ಟಿಗೆ ತಾಗಿಸಿ. ಕೆಂಪು ಕಡ್ಡಿಯಿಂದ ಕರೆಂಟ್ ಸಾಕೆಟ್‌ನ ಪಿನ್‌ಗಳನ್ನು ಒಂದೊಂದಾಗಿ ಮುಟ್ಟಿ. ಒಂದು ಸಾಲಿನಲ್ಲಿ ಪಕ್ಕಪಕ್ಕದ ಮೂರು ಪಿನ್ 12 ವೋಲ್ಟ್‌ನವು. ಅವುಗಳಲ್ಲಿ ಅಂಕಿ ನಿಧಾನವಾಗಿ ಏರಿ ಸಾವಿರಾರು ಓಮ್‌ಗೆ ಹೋಗಿ ನಿಲ್ಲಬೇಕು. ಸೊನ್ನೆಯ ಹತ್ತಿರವೇ ಉಳಿದರೆ ಮಾಸ್‌ಫೆಟ್ ಅಥವಾ ಕೆಪಾಸಿಟರ್ ಶಾರ್ಟ್ ಆಗಿದೆ. ಇದನ್ನು ಬದಲಿಸಬಹುದು. ಕಾರ್ಡ್ ಉಳಿಯುವ ಸಾಧ್ಯತೆಯೂ ಚೆನ್ನಾಗಿದೆ, ಬಲವಂತವಾಗಿ ಕರೆಂಟ್ ಕೊಡದೆ ಇದ್ದರೆ ಮಾತ್ರ. 12 ವೋಲ್ಟ್ ಕಡೆಯ ಮಾಸ್‌ಫೆಟ್ ಶಾರ್ಟ್ ಆಗಿರುವಾಗ ಕರೆಂಟ್ ಕೊಟ್ಟರೆ ಸುಮಾರು 1 ವೋಲ್ಟ್ ಬೇಕಾದ ಚಿಪ್‌ಗೆ 12 ವೋಲ್ಟ್ ನುಗ್ಗುತ್ತದೆ.

ಚಿಪ್‌ನ ಪಕ್ಕದಲ್ಲಿ ಸಾಲಾಗಿ ಕೂತ ಬೂದು ಬಣ್ಣದ ಚೌಕ ಕಾಯಿಲ್‌ಗಳನ್ನು ಅಳೆದು ಹೆದರಬೇಡಿ. ಅಲ್ಲಿ ಒಂದೆರಡು ಓಮ್, ಕೆಲವು ಕಾರ್ಡ್‌ಗಳಲ್ಲಿ ಅದಕ್ಕೂ ಕಡಿಮೆ ಬರುವುದು ಸಹಜ. ಮೀಟರ್ ಬೀಪ್ ಮಾಡಿತೆಂದು "ಕೋರ್ ಶಾರ್ಟ್" ಎಂದು ಹೇಳಿ ಒಳ್ಳೆಯ ಕಾರ್ಡ್‌ಗಳನ್ನು ಗುಜರಿಗೆ ಹಾಕುತ್ತಾರೆ. ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಮೊದಲು ಬರೆದುಕೊಂಡು, ಅದನ್ನು ಕಳೆದು ಲೆಕ್ಕ ಹಾಕಿ.

ಸದ್ಯಕ್ಕೆ ಈ ವಾರ ನೀವು ಮಾಡಬೇಕಾದದ್ದು ಮೂರು: ಸ್ಕ್ರೀನ್‌ಶಾಟ್ ಪರೀಕ್ಷೆ, ಎಸ್‌ಎಂಪಿಎಸ್ ಚೀಟಿ, ಮೆಮೊರಿ 1750. ಸಿಕ್ಕ ಅಂಕಿಗಳನ್ನು, ಲೋಗೋ ಹಂತದ ವಿಡಿಯೋವನ್ನು ಕಳಿಸಿ. ಮೆಮೊರಿ ಐಸಿ ಬದಲಿಸುವುದು ನಿಮ್ಮ ಕಾರ್ಡಿಗೆ ದುಡ್ಡು ಹಾಕುವಷ್ಟು ಬೆಲೆಬಾಳುತ್ತದೋ ಇಲ್ಲವೋ ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.